ಶನಿವಾರದ ಅಂಬಲಿ

ಸ್ಟೀಲ್ ಲೋಟದ ಕಂಠದ ಕೆಳಗೆ, ಹೆಬ್ಬೆರಳು ಕೂರುವಷ್ಟು ಒಂದು ತಗ್ಗು. ಯಲಹಂಕದ ಹೊಸ ಬಾಡಿಗೆ ಮನೆಯಲ್ಲಿ ಸಾಮಾನು ಬಿಚ್ಚುತ್ತಿದ್ದಾಗ ಹಳೆಯ ಟವೆಲಿನೊಳಗಿಂದ ಅದು ಉರುಳಿ ಬಂತು. ಅಡುಗೆಮನೆಯಲ್ಲಿಟ್ಟೆ, ಸರಿಯೆನಿಸಲಿಲ್ಲ. ಕಿಟಕಿಯ ಮೇಲಿಟ್ಟೆ, ಅಲ್ಲಿಂದಲೂ ತೆಗೆದೆ. ಅದು ನನ್ನದಲ್ಲ; ಮತ್ತಿಕೆರೆಯ ಓನರ್ ಆಂಟಿಯದು.

ಎಂ.ಎಸ್ಸಿ. ಓದುವಾಗ ಅವರ ಮನೆಯ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದೆ. ಆಂಟಿಗೆ ರಕ್ತದ ಕ್ಯಾನ್ಸರ್ ಇತ್ತು. ನಿಧಾನವಾಗಿ ಬೆಳೆಯುವ ಬಗೆಯದು. ಹಿಂದೊಮ್ಮೆ ಅವರ ನಾದಿನಿ ಇಂಥದೇ ಕಾಯಿಲೆಗೆ ಕೀಮೋ ಹಾಕಿಸಿಕೊಂಡು, ಕೂದಲೆಲ್ಲ ಉದುರಿ, ಆಸ್ಪತ್ರೆಯಲ್ಲೇ ತೀರಿಕೊಂಡಿದ್ದರಂತೆ. ಆಂಟಿಗೆ ಸಿಕ್ಕಿದ್ದು ಮಾತ್ರೆ. ದಿನಕ್ಕೊಂದು, ತಿಂಡಿಯ ಜೊತೆ, ಮನೆಯಲ್ಲೇ. ಕನಕಾಂಬರ ಮುಡಿದು ಬಾಗಿಲಿಗೆ ನೀರು ಹಾಕುತ್ತಿದ್ದ ಅವರನ್ನು ಎದುರುಮನೆಯಾಕೆ ಕೆಣಕುತ್ತಿದ್ದರು.

"ಕ್ಯಾನ್ಸರ್ ಅಂತೀಯ, ಜಡೆ ನೋಡುದ್ರೆ ಮದ್ವೆ ಹೆಣ್ಣು ಕಣೇ!"

"ಒಟ್ಟೆ ಉರ್ಕೋಬ್ಯಾಡ, ನಿಂಗೂ ಒಂದ್ ಮೊಳ ಕೊಡ್ತೀನಿ ಬಾ."

ಮಾತ್ರೆಯ ಜೊತೆ ಅವರು ಕುಡಿಯುತ್ತಿದ್ದುದು ರಾಗಿ ಅಂಬಲಿ. ಒಬ್ಬರೇ ಕುಡಿಯಲಾರರು. ಮಜ್ಜಿಗೆ ಬೆರೆಸಿ ಈರುಳ್ಳಿ ಹಾಕಿದ ಅಂಬಲಿ ಆ ಲೋಟದಲ್ಲಿ ಮೆಟ್ಟಿಲು ಹತ್ತಿ ನನಗೂ ಬರುತ್ತಿತ್ತು. ಶನಿವಾರ ಮಾತ್ರ ಇಲ್ಲ. ಅವತ್ತು ಅವರು ಹನುಮಂತರಾಯನಿಗೆಂದು ಉಪವಾಸ ಇರುವುದು ಬೀದಿಗೆಲ್ಲ ಗೊತ್ತಿತ್ತು.

ಒಮ್ಮೆ ಅಂಕಲ್ ಊರಲ್ಲಿರಲಿಲ್ಲವೆಂದು ಆಸ್ಪತ್ರೆಗೆ ನಾನು ಜೊತೆ ಹೋದೆ. ತಗ್ಗಿದ್ದ ಕಾಯಿಲೆ ಮತ್ತೆ ಏರಿತ್ತು. ಡಾಕ್ಟರ್ ರಿಪೋರ್ಟನ್ನು ಹಿಂದೆ ಮುಂದೆ ತಿರುವಿದರು.

"ಮಾತ್ರೆ ದಿನಾ ತಗೋತೀರಾ ಅಮ್ಮಾ?"

"ದಿನಾ ಸ್ವಾಮಿ. ಶನಿವಾರ ಒಂದ್ ಬಿಟ್ಟು."

"ಶನಿವಾರ ಯಾಕೆ ಬಿಟ್ರಿ?"

"ಉಪವಾಸ ಅಲ್ವರಾ. ಖಾಲಿ ಒಟ್ಟೇಲಿ ನುಂಗ್ಬ್ಯಾಡಿ ಅಂತ ನೀವೇ ಅಂದ್ರಿ."

ಮಾತ್ರೆ ಹಿಡಿಸಲಿ ಎಂದು ಹೊತ್ತ ಹರಕೆಯೇ ಆ ಉಪವಾಸ. ದೇವರಿಗೆ ಕೊಟ್ಟ ಮಾತನ್ನೂ ಅವರು ತಪ್ಪಿರಲಿಲ್ಲ, ಡಾಕ್ಟರ ಮಾತನ್ನೂ ಮೀರಿರಲಿಲ್ಲ. ಡಾಕ್ಟರ್ ಬೈಯಲಿಲ್ಲ. ಹೀಗೆ ಬಿಟ್ಟು ಬಿಟ್ಟು ತೆಗೆದುಕೊಂಡರೆ ಕಾಯಿಲೆ ಮಾತ್ರೆಗೆ ಬಗ್ಗುವುದಿಲ್ಲ ಎಂದು ತಿಳಿಸಿ, ಬೇರೆ ಮಾತ್ರೆ ಬರೆದುಕೊಟ್ಟರು. ಅದನ್ನು ಖಾಲಿ ಹೊಟ್ಟೆಯಲ್ಲೇ ನುಂಗಬೇಕಿತ್ತು.

ಬರುವಾಗ ಯಶವಂತಪುರದ ಸಿಗ್ನಲ್ಲಿನಲ್ಲಿ ಆಟೊ ನಿಂತೇ ಇತ್ತು. ಆಂಟಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದರು. ಇದ್ದಕ್ಕಿದ್ದಂತೆ ನಕ್ಕರು.

"ನೋಡ್ದೇನಮ್ಮ, ಈಗ ದ್ಯಾವ್ರೂ ಡಾಕ್ಟ್ರೂ ಒಂದಾದ್ರು. ಇದ್ನೇ ಮೊದ್ಲು ಕೊಟ್ಟಿದ್ರೆ ಇವ್ರ ಗಂಟೇನ್ ಓಯ್ತಿತ್ತು?"

ನನಗೆ ನಗು ಬರಲಿಲ್ಲ. ಆಟೊ ಹೊರಟರೆ ಸಾಕು ಎನಿಸುತ್ತಿತ್ತು.

ಹೊಸ ಮಾತ್ರೆ ಸ್ವಲ್ಪ ದಿನ ಕೆಲಸ ಮಾಡಿತು; ಕ್ರಮೇಣ ಕಾಯಿಲೆ ಅದಕ್ಕೂ ಬಗ್ಗದಾಯಿತು. ಅಂಬಲಿ ತಡವಾಗಿ ಬರತೊಡಗಿತು. ಆಮೇಲೆ ಬರುವುದೇ ನಿಂತಿತು. ಪರೀಕ್ಷೆ ಮುಗಿಸಿ ನಾನು ಕೋಣೆ ಖಾಲಿ ಮಾಡಿದ ದಿನ ಆಂಟಿ ಆಸ್ಪತ್ರೆಯಲ್ಲಿದ್ದರು. ಲೋಟ ನನ್ನಲ್ಲೇ ಉಳಿಯಿತು. ಅವರು ಹೋದ ಸುದ್ದಿಯನ್ನು ಎದುರುಮನೆಯಾಕೆ ಫೋನಿನಲ್ಲಿ ಹೇಳಿದರು. "ಜಡೆ ಅಂಗೇ ಇತ್ತು ಕಣಮ್ಮ..." ಎಂದು ಫೋನ್ ಇಟ್ಟರು.

ಇಂಥದೇ ಮಾತ್ರೆ ನುಂಗಿ ಆಫೀಸಿಗೆ ಹೋಗಿಬರುವ ಒಬ್ಬರು ಈಗ ನನ್ನ ಪಕ್ಕದ ಕುರ್ಚಿಯಲ್ಲೇ ಕೂರುತ್ತಾರೆ. ವರ್ಷಗಳಿಂದ ಚೆನ್ನಾಗಿದ್ದಾರೆ. ಆಂಟಿಯೂ ಇರಬಹುದಿತ್ತು. ಲೋಟ ಸಿಕ್ಕ ಆ ಸಂಜೆ ಅದನ್ನು ಹಿಡಿದು, ಬಿಚ್ಚದ ಡಬ್ಬಗಳ ನಡುವೆ ಅತ್ತಿಂದಿತ್ತ ಓಡಾಡಿದೆ. ಎಲ್ಲಿಡಬೇಕೆಂದು ಕೊನೆಗೂ ತೋಚಲಿಲ್ಲ.

ಮರುದಿನ ಶನಿವಾರ. ಬೆಳಿಗ್ಗೆ ಎದ್ದು ರಾಗಿ ಹಿಟ್ಟು ಕದಡಿ ಅಂಬಲಿ ಕಾಯಿಸಿದೆ. ಮಜ್ಜಿಗೆ ಬೆರೆಸಿ, ಈರುಳ್ಳಿ ಹೆಚ್ಚಿ ಹಾಕಿ, ಆ ಲೋಟದ ತುಂಬ ಬಗ್ಗಿಸಿಕೊಂಡು, ಹೆಬ್ಬೆರಳನ್ನು ತಗ್ಗಿನಲ್ಲಿಟ್ಟು ಕುಡಿದೆ.