ಕಪ್ ತರದ ಕೋಚು

ಚಿತ್ರದುರ್ಗದ ನಮ್ಮ ಕಾಲೇಜಿನ ಹಳೆಯ ಫುಟ್‌ಬಾಲ್ ಕೋಚು ಒಂದು ಕಪ್ಪನ್ನೂ ತರಲಿಲ್ಲ. ಆಟಕ್ಕೆ ಮುಂಚೆ ಎಲ್ಲರ ಮೊಣಕಾಲನ್ನೂ ಹೆಬ್ಬೆರಳಲ್ಲಿ ಒತ್ತಿ ನೋಡುತ್ತಿದ್ದರು. ಮುಖ ಕಿವುಚಿದವನಿಗೆ ಒಂದೇ ಮಾತು: "ಕಪ್ಪು ಕಾಲೇಜಿಂದು, ಕಾಲು ನಿಂದು. ಕುಂತ್ಕ."

ಫೈನಲ್ ದಿನ ನಾನೇ ಮುಖ ಕಿವುಚಿದೆ.

"ಸಾರ್, ನಾನಿಲ್ದಿದ್ರೆ ಸೋಲ್ತೀವಿ!"

"ಸೋಲಾಣ ಬಿಡಪ್ಪ."

ಸೋತೆವು. ಕಾಲೇಜಿನವರು ಅವರನ್ನು ಕಿತ್ತುಹಾಕಿದರು.

ಮರುವರ್ಷದ ಫೈನಲ್ಲಿಗೆ ಹೊಸ ಕೋಚು ಅದೇ ಮೊಣಕಾಲಿಗೆ ಬಟ್ಟೆ ಬಿಗಿದು, "ನುಗ್ಗಲೇ ಹುಲಿ" ಎಂದ. ನುಗ್ಗಿದೆ. ಕಪ್ ಬಂತು, ನನ್ನ ಕಾಲು ಹೋಯಿತು.

ಈಗ ಹೋಟೆಲಿನಲ್ಲಿ ದೊಡ್ಡ ಕೋಚು ಯಾರೆಂಬ ಮಾತು ಬಂದರೆ ಎಲ್ಲರೂ ಹೊಸಬನನ್ನೇ ಹೊಗಳುತ್ತಾರೆ. ಮಡಚಲಾಗದೆ ಚಾಚಿಕೊಂಡ ನನ್ನ ಕಾಲನ್ನು ದಾಟಿಕೊಂಡು ಬಂದು ಕೂತು, ನನ್ನನ್ನೇ ಕೇಳುತ್ತಾರೆ: "ಆ ಹಳಬ ನಮಗೇನ್ ಮಾಡಿದ್ನಪ್ಪ?"