ಅಮಾವಾಸ್ಯೆಯ ಮರುದಿನದ ಎಣ್ಣೆ

ಬೆಳಕು ಹರಿಯುವ ಮುಂಚೆ ಸಂಗಮ್ಮ ಅಂಗಳ ಗುಡಿಸಿ ನೀರು ಚಿಮುಕಿಸಬೇಕಿತ್ತು, ರಂಗೋಲಿ ಎಳೆಯಬೇಕಿತ್ತು, ನಳ ಬಂದರೆ ಬ್ಯಾರಲ್ಲು ತುಂಬಬೇಕಿತ್ತು, ಬರದಿದ್ದರೆ ಕೊಡ ಹೊತ್ತು ಬೋರಿಂಗಿಗೆ ಹೋಗಬೇಕಿತ್ತು. ಹಾಲು ಕಾಸಬೇಕು, ಪಲ್ಯಕ್ಕೆ ಹೆಚ್ಚಬೇಕು, ಗಂಡನ ಬಿಳಿ ಅಂಗಿಗೆ ಇಸ್ತ್ರಿ ಹಾಕಬೇಕು, ಅವನ ಬೂಟು ಎಲ್ಲಿದೆ ಎಂದು ಅವನಿಗೇ ಹೇಳಬೇಕು. ರೊಟ್ಟಿ ಮಾತ್ರ ಬಡಿಯಬೇಕಿರಲಿಲ್ಲ. ಅದನ್ನು ಅತ್ತೆ ಜಮ್ಮುಲಮ್ಮ ಅವಳ ಕೈಯಿಂದ ಕಿತ್ತುಕೊಂಡಿದ್ದಳು.

"ಒಲಿ ನನಗ, ಶೆಡ್ಡು ನಿನಗ. ನಡಿಯವ್ವ, ಹೊಗಿಯಾಗ ಕುಂತು ಕಣ್ಣು ಕೆಡಿಸಿಕೊಂಡ್ರ ಸಣ್ಣ ಬೋಲ್ಟು ಹೆಂಗ ಕಾಣ್ತಾವು?" ಎಂದಿದ್ದಳು.

ಮಕ್ತಲ್‌ನಲ್ಲಿ, ನಾರಾಯಣಪೇಟೆ ರಸ್ತೆಗೆ ಮುಖ ಮಾಡಿದ ಆ ಶೆಡ್ಡು ಮನೆಯ ಮುಂಭಾಗವೇ. ಬೋರ್ಡಿನ ಮೇಲಿದ್ದದ್ದು ಗಂಡ ಗುರುಲಿಂಗನ ಹೆಸರು. ಕಾರುಗಳ ಎ.ಸಿ. ರಿಪೇರಿ ಅವನ ಕಸುಬು. ತೆಲಂಗಾಣ ರಾಜ್ಯವಾಗಿ, ನಾರಾಯಣಪೇಟೆ ಜಿಲ್ಲೆಯಾಗಿ, ಅಲ್ಲಿ ಆಫೀಸುಗಳು ಎದ್ದ ಮೇಲೆ ಅವನಿಗೆ ಡ್ರೈವರ್ ಕೆಲಸ ಸಿಕ್ಕಿತು. ಶೆಡ್ಡನ್ನು ಚಹಾದ ಅಂಗಡಿಗೆ ಬಾಡಿಗೆ ಕೊಡುವ ಮಾತಾಯಿತು. ವರ್ಷಗಟ್ಟಲೆ ಅವನಿಗೆ ಬೋಲ್ಟು ತಿರುಗಿಸುವ ಪಾನಾ ಎತ್ತಿಕೊಟ್ಟು, ಟಾರ್ಚು ಹಿಡಿದು, ಬೋಲ್ಟು ತೊಳೆದವಳು ಸಂಗಮ್ಮ. ಅದನ್ನು ಯಾರೂ ಕೆಲಸ ಎಂದು ಕರೆದಿರಲಿಲ್ಲ.

"ನಾ ನಡಸ್ತೀನಿ," ಎಂದಾಗ ಗುರುಲಿಂಗ ನಕ್ಕ. ನಕ್ಕರೂ, ರಜೆ ಸಿಕ್ಕಾಗಲೆಲ್ಲ ಪಕ್ಕದಲ್ಲಿ ಕೂತು ಗ್ಯಾಸು ತುಂಬುವುದು, ಸೋರಿಕೆ ಹಿಡಿಯುವುದು ಎಲ್ಲವನ್ನೂ ಕಲಿಸಿದ. ಅದಕ್ಕೆ ಅವಳು ಅವನನ್ನು ಮನಸಾರೆ ನೆನೆಯುತ್ತಾಳೆ. ಕಲಿಸಿ ಮುಗಿಸಿ, "ಈ ಬ್ಯಾಸಿಗಿ ನೋಡಮು. ಗಿರಾಕಿ ನಿಂತ್ರ ಶೆಡ್ಡು ನಿಂದು, ಇಲ್ಲಂದ್ರ ಚಾದವಂದು," ಎಂದೂ ಹೇಳಿದ್ದ.

ಎಲ್ಲಕ್ಕಿಂತ ಬೇಗ ಅವಳ ಕೈಗೆ ಹತ್ತಿದ್ದು ಕಂಪ್ರೆಸರಿಗೆ ಎಣ್ಣೆ ಹಾಕುವ ಕೆಲಸ. ಒಂದೊಂದು ಕಂಪ್ರೆಸರಿಗೆ ಒಂದೊಂದು ಎಣ್ಣೆ. ಒಂದರದು ಇನ್ನೊಂದಕ್ಕೆ ಆಗದು. ಹೆಚ್ಚಾದರೆ ತಂಪು ಕಡಿಮೆ, ಕಡಿಮೆಯಾದರೆ ಒಳಗೆ ಬಿಗಿದುಕೊಂಡು ನಿಂತೇಹೋಗುತ್ತದೆ. ಬಾಟಲಿಯ ಬಿರಡೆ ತೆರೆದಿಟ್ಟರೆ ಗಾಳಿಯ ಪಸೆ ಹೀರಿ ಕೆಡುತ್ತದೆ. ಉಪ್ಪಿನಕಾಯಿ ಜಾಡಿಗೆ ಒದ್ದೆ ಚಮಚ ತಾಗದಂತೆ ಕಾದವಳಿಗೆ ಇದರಲ್ಲಿ ಹೊಸದೇನಿತ್ತು?

ಮೇ ತಿಂಗಳಲ್ಲಿ, ಅಮಾವಾಸ್ಯೆಯ ಮರುದಿನ, ಪ್ರಾಣೇಶ ತನ್ನ ಬಾಡಿಗೆ ಕಾರು ತಂದು ನಿಲ್ಲಿಸಿದ. ಮಂತ್ರಾಲಯಕ್ಕೆ ಭಕ್ತರನ್ನು ಕರೆದೊಯ್ಯುವವನು. ಅವನು ಮೆಚ್ಚಿದರೆ ಟ್ಯಾಕ್ಸಿ ಸ್ಟ್ಯಾಂಡಿನ ಡ್ರೈವರುಗಳೆಲ್ಲ ಹಿಂದೆಯೇ ಬರುತ್ತಾರೆ, ಮುನಿದರೆ ಎಲ್ಲರೂ ರಾಯಚೂರಿಗೆ ಹೋಗುತ್ತಾರೆ. ಸಂಗಮ್ಮ ಕೆಟ್ಟ ಕಂಪ್ರೆಸರ್ ಬಿಚ್ಚಿ, ಅದರ ಎಣ್ಣೆ ಸುರಿದು ಅಳೆದಳು. ಹೊಸದಕ್ಕೆ ಬಾಟಲಿಯಿಂದ ಅಷ್ಟೇ ಎಣ್ಣೆ ಅಳೆದು ಹಾಕಿ, ಕೈಯಿಂದ ತಿರುಗಿಸಿ, ಕಾರಿಗೆ ಕೂರಿಸಿದಳು. ಗ್ಯಾಸು ತುಂಬುವುದೊಂದೇ ಬಾಕಿ. ಅಳತೆ ಲೋಟ ಒರೆಸಲು ಹೋದಾಗ ತಳದಲ್ಲಿ ಉಳಿದ ಹೊಸ ಎಣ್ಣೆ ಮಬ್ಬಾಗಿ ಕಂಡಿತು. ಬೆರಳಲ್ಲಿ ತೆಗೆದು ಮೂಸಿದಳು. ಅಡುಗೆಮನೆಯ ವಾಸನೆ.

"ಅತ್ತಿ, ಈ ಬಾಟ್ಲಿ ಯಾರು ಮುಟ್ಟಿದ್ರಿ?"

ಬುತ್ತಿ ಹಿಡಿದು ಬಂದಿದ್ದ ಜಮ್ಮುಲಮ್ಮ ಅರಳಿದ ಮುಖದಿಂದ, "ನಾನ. ನಿನ್ನಿ ಅಮಾಸಿ ಅಲ್ಲೇನು? ಮನ್ಯಾಗ ಎಣ್ಣಿ ಪಾತ್ರಿ ತಳ ಕಾಣಬಾರದಂತ ಎಲ್ಲಾದಕ್ಕೂ ಒಂದೀಟು ಹಾಕ್ದೆ. ಕಸ ಹೊಡ್ಯಾಕ ಬಂದಾಗ ಇದೂ ತಳಕ್ಕ ಇತ್ತು. ನಿನ್ನ ಶೆಡ್ಡಿಗೂ ಬರ್ಕತ್ ಇರ್ಲಿ ಅಂತ ಕುಸುಬಿ ಎಣ್ಣಿ ಹಾಕಿನವ್ವ. ಗದ್ವಾಲದಿಂದ ನಮ್ಮಣ್ಣ ಕಳಿಸಿದ್ದು, ಗಾಣದ್ದು!" ಎಂದಳು.

ಸಂಗಮ್ಮನಿಗೆ ನಗು ಬಂತು. ಹಿಂದೆಯೇ ಕಾರಿನ ಕಡೆ ಬೆರಳು ತೋರಿಸಿ, ಆ ಎಣ್ಣೆಯೇ ಕಂಪ್ರೆಸರಿನ ಒಳಗೆ ಹೋಗಿದೆ ಎಂದು ಹೇಳಿದಳು.

"ಎಂತಾ ಪನಿ ಮಾಡಿಬಿಟ್ನವ್ವ," ಜಮ್ಮುಲಮ್ಮನ ಮುಖ ಇಳಿಯಿತು. "ಈಗೇನಾಗ್ತೈತಿ?"

"ಇವತ್ತ ತಣ್ಣಗ ಬರ್ತೈತ್ರಿ. ಮುಂದ ಎಲ್ಲೋ ದಾರ್ಯಾಗ ಹಿಡಕೊಂತೈತಿ."

"ಗುರುಲಿಂಗಗ ಫೋನ್ ಹಚ್ಚು, ಕೇಳು. ಇಲ್ಲಂದ್ರ ಆ ಡ್ರೈವರಗ ಮುದುಕಿ ಕೆಡಿಸ್ಯಾಳಂತ ಹೇಳಿಬಿಡು. ನನಗೇನು, ಬೈಸ್ಕೊಂತೀನಿ."

ರಸ್ತೆಯಾಚೆ ಬೇವಿನ ನೆರಳಲ್ಲಿ ಕೂತಿದ್ದ ಪ್ರಾಣೇಶ ಅಲ್ಲಿಂದಲೇ ಕೂಗಿದ: "ಅಕ್ಕಾರ, ಆತೇನ್ರಿ? ಸಂಜಿಗಿ ಮುದುಕೇರ ಟ್ರಿಪ್ಪೈತಿ. ಎ.ಸಿ. ಬರಲಿಲ್ಲಂದ್ರ ರಾಯರನ್ನ ಬಿಟ್ಟು ನನ್ನ ಹೆಸರ ಜಪಾ ಮಾಡ್ತಾರ!"

ಸರಿಯಾದ ಎಣ್ಣೆ ಬರಬೇಕಾದದ್ದು ರಾಯಚೂರಿನಿಂದ. ಅಂದರೆ ಈ ಟ್ರಿಪ್ಪು ಹೋಯಿತು. ಬಹುಶಃ ಪ್ರಾಣೇಶನೂ ಹೋದ, ಬೇಸಿಗೆಯೂ ಹೋಯಿತು. ಫೋನ್ ಮಾಡಿದರೆ ಗಂಡ ಏನನ್ನುತ್ತಾನೋ ಅವಳಿಗೆ ತಿಳಿಯದು. ಏನಂದರೂ ಆಮೇಲೆ ಈ ಕೆಲಸ ಅವನದಾಗುತ್ತದೆ. ಅವಳು ಅತ್ತೆಯ ಕೈ ನೋಡಿದಳು. ಬಿಸಿ ಹಂಚಿಗೆ ತಾಗಿ ತಾಗಿ ಕಪ್ಪಾದ ಬೆರಳ ತುದಿಗಳು. ಶೆಡ್ಡಿನಲ್ಲಿ ಕಳೆದ ಪ್ರತಿ ಬೆಳಗನ್ನೂ ಅವಳಿಗೆ ಕೊಟ್ಟದ್ದು ಆ ಬೆರಳುಗಳು. ಎಣ್ಣೆ ಬೆರೆಸಿದ್ದು ಅವೇ, ನಿಜ. ಮೂಸದೆ ಸುರಿದದ್ದು ತನ್ನ ಕೈ.

ಸಂಗಮ್ಮ ಫೋನನ್ನು ಪಾನಾಗಳ ಡಬ್ಬಿಯೊಳಗಿಟ್ಟು ಮುಚ್ಚಿದಳು. ರಸ್ತೆಯ ಅಂಚಿಗೆ ಬಂದು, ಆಚೆ ಕೇಳುವ ಹಾಗೆ, "ಆಗಿಲ್ರಿ ಪ್ರಾಣೇಶಣ್ಣ. ತಪ್ಪು ಎಣ್ಣಿ ಹಾಕೀನಿ, ನಾನ. ಎಲ್ಲಾ ಬಿಚ್ಚಿ ತೊಳೀಬೇಕು. ಇವತ್ತ ಗಾಡಿ ಕೊಡಾಂಗಿಲ್ಲ," ಎಂದಳು.

ಅವನು ಎದ್ದು ನಿಂತ. ಅವನು ರಸ್ತೆ ದಾಟಿ ಬರುವಷ್ಟರಲ್ಲಿ ಅವಳು ಬಗ್ಗಿ, ಮೊದಲ ಬೋಲ್ಟಿಗೆ ಪಾನಾ ಕೊಟ್ಟಿದ್ದಳು.