ಎಡ ಅಂಚಿನ ಬಿಲ್ಲೆಗಳು

ನಮ್ಮ ಅತ್ತೆಯ ನೋಟದ ಅರ್ಧ ಭಾಗ ಹೋಗಿದೆ ಎಂಬುದು ಮೊದಲು ಕಂಡದ್ದು ನನಗೆ. ಕಂಡದ್ದನ್ನು ತಪ್ಪಾಗಿ ತಿಳಿದವಳೂ ನಾನೇ. ಆದ್ದರಿಂದ ಯಾವುದು ಯಾವಾಗ ನಡೆಯಿತು ಎಂಬುದನ್ನು ನೆನಪಿರುವಷ್ಟು ಮಟ್ಟಿಗೆ ಅದೇ ಕ್ರಮದಲ್ಲಿ ಬರೆಯುತ್ತೇನೆ. ಗೊತ್ತಿಲ್ಲದ್ದನ್ನು ಸೇರಿಸುವುದಿಲ್ಲ.

ನಿಪ್ಪಾಣಿಯಲ್ಲಿ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಒಂದು ಕಂಪ್ಯೂಟರ್ ಇದೆ. ಜನರಿಗೆ ಕನ್ನಡದಲ್ಲೂ ಮರಾಠಿಯಲ್ಲೂ ಅರ್ಜಿ ಟೈಪ್ ಮಾಡಿಕೊಡುವುದು ನನ್ನ ಕೆಲಸ. ಮಧ್ಯಾಹ್ನ ಊಟದ ಹೊತ್ತು ಕಳೆದ ಮೇಲೆ ಯಾರೂ ಬರುವುದಿಲ್ಲ. ಆ ಹೊತ್ತಿಗೆಂದು ಮಾಜಾಂಗ್ ಎಂಬ ಆಟವೊಂದನ್ನು ಇಳಿಸಿಕೊಂಡಿದ್ದೆ. ಪರದೆಯ ತುಂಬ ಚಿತ್ರದ ಬಿಲ್ಲೆಗಳ ರಾಶಿ ಇರುತ್ತದೆ. ಒಂದೇ ಚಿತ್ರದ ಎರಡನ್ನು ಒತ್ತಿದರೆ ಆ ಜೋಡಿ ಮಾಯವಾಗುತ್ತದೆ. ಆದರೆ ಎಡಕ್ಕೋ ಬಲಕ್ಕೋ ಒಂದು ಮಗ್ಗುಲು ತೆರವಾಗಿರುವ ಬಿಲ್ಲೆಯನ್ನು ಮಾತ್ರ ತೆಗೆಯಬಹುದು. ಎಲ್ಲ ಖಾಲಿಯಾದರೆ ಗೆದ್ದಂತೆ. ನಾನು ಇಳಿಸಿಕೊಂಡದ್ದರಲ್ಲಿ ಇನ್ನಷ್ಟು ಹೊಸ ತಂಟೆಗಳಿದ್ದವು. ಕೆಲವು ಬಿಲ್ಲೆಗಳ ಮೇಲೆ ಮಂಜುಗಡ್ಡೆ ಇರುತ್ತಿತ್ತು, ಪಕ್ಕದ ಜೋಡಿ ತೆಗೆದರೆ ಮಾತ್ರ ಕರಗುತ್ತಿತ್ತು. ಕೆಲವು ಬೋರಲು ಬಿದ್ದಿರುತ್ತಿದ್ದವು. ಹತ್ತು ಜೋಡಿಗೊಮ್ಮೆ ಯಾವುವೋ ಎರಡು ಬಿಲ್ಲೆಗಳು ತಮ್ಮೊಳಗೇ ಜಾಗ ಬದಲಿಸಿಕೊಳ್ಳುತ್ತಿದ್ದವು.

ಅತ್ತೆಗೆ ಅರವತ್ತು ದಾಟಿದೆ. ಅಕ್ಕೋಳದಿಂದ ಮದುವೆಯಾಗಿ ಬಂದ ವರ್ಷವೇ ಅವರು ತಂಬಾಕಿನ ಗೋದಾಮಿಗೆ, ನಾವು ವಖಾರ ಎನ್ನುವಲ್ಲಿಗೆ, ಕೆಲಸಕ್ಕೆ ಹೋದವರು. ಎಲೆಯ ರಾಶಿಯಿಂದ ಕಡ್ಡಿ, ಕಸ, ಬಣ್ಣ ಕೆಟ್ಟ ಚೂರು ಆರಿಸುವ ಕೆಲಸ. ಈಗಲೂ ಬೆಳಿಗ್ಗೆ ಹೋಗಿ ಮಧ್ಯಾಹ್ನಕ್ಕೆ ಬರುತ್ತಿದ್ದರು. ಹೋಗುವಾಗ ಬರುವಾಗ ಲಾರಿ ಬಸ್ಸು ಓಡುವ ದೊಡ್ಡ ರಸ್ತೆಯನ್ನು ಒಬ್ಬರೇ ದಾಟಬೇಕು. ಈ ಮಾತು ಮುಂದಿನದಕ್ಕೆಲ್ಲ ಬೇಕು.

ಕಳೆದ ಮಳೆಗಾಲದಲ್ಲಿ ಒಂದು ದಿನ ಅವರು ನನ್ನ ಹಿಂದೆ ಬಂದು ನಿಂತರು.

"ಏನ ಹುಡಕಾಕತ್ತೀ ಅದರಾಗ?"

"ಜೋಡಿ ಹುಡಕಬೇಕ್ರಿ, ಅತ್ಯಾರ."

"ಹುಡಕೂದೇನ ಐತಿ? ಎದರಿಗೇ ಬಿದ್ದಾವಲ್ಲ. ಅಲ್ಲೊಂದ ಹಕ್ಕಿ, ಇಲ್ಲೊಂದ ಹಕ್ಕಿ. ಸರಿ ಅತ್ಲಾಗ."

ಅಂದಿನಿಂದ ಮಧ್ಯಾಹ್ನದ ಕುರ್ಚಿ ಅವರದಾಯಿತು. ಒಂದು ವಾರದಲ್ಲಿ ನನ್ನನ್ನು ಮೀರಿಸಿದರು. ನಾನು ಪಕ್ಕದ ಸ್ಟೂಲಿನ ಮೇಲೆ ಕುಳಿತು ನೋಡುತ್ತಿದ್ದೆ. "ಅರ್ಜಿ ಓದಿ ಓದಿ ನಿನ್ನ ಕಣ್ಣ ಹಾಳಾಗ್ಯಾವ ಬೇ," ಎನ್ನುತ್ತಿದ್ದರು. "ನಮ್ಮ ವಖಾರದಾಗ ನಿನ್ನ ಈಗ ಒಂದ ದಿನಾನೂ ಇಟಗೊಳ್ಳೂದಿಲ್ಲ."

ದಸರೆ ಕಳೆದು ನಾಲ್ಕೈದು ದಿನವಾಗಿತ್ತು. ಅತ್ತೆ ಕೈ ಹಿಂದಕ್ಕೆ ತೆಗೆದು, "ಮುಗೀತು. ಇನ್ನ ಜೋಡಿ ಇಲ್ಲ," ಎಂದರು. ಪರದೆಯ ಎಡ ಅಂಚಿನಲ್ಲಿ ತಾವರೆಯ ಎರಡು ಬಿಲ್ಲೆಗಳು, ಮೇಲೊಂದು ಕೆಳಗೊಂದು, ತೆರೆದೇ ಬಿದ್ದಿದ್ದವು.

"ಅಂಚಿನಾಗ ಅದಾವಲ್ರಿ."

ಅವರು ಮುಖವನ್ನು ಅತ್ತ ತಿರುಗಿಸಿ ನೋಡಿದರು. "ಇವು ಆಗ ಇರಲಿಲ್ಲ. ಮಿಷನ್ ಕಳ್ಳ ಐತಿ. ಈಗ ತಂದ ಇಟ್ಟೈತಿ."

ನನ್ನ ಮೊದಲ ಅನುಮಾನ ಆಟದ ಮೇಲೆಯೇ ಹೋಯಿತು. ಬಿಲ್ಲೆಗಳು ಜಾಗ ಬದಲಿಸುವ ಆಟ ಅದು. ನೋಡುವವರ ಕಣ್ಣು ತಪ್ಪಿಸಿ ಏನು ಬೇಕಾದರೂ ಮಾಡೀತು ಎಂದುಕೊಂಡೆ. ಮರುದಿನ ಅವರು ಆಡುವಾಗ ಕಾಗದ ಪೆನ್ನು ಹಿಡಿದು ಕುಳಿತೆ. ಎಡ ಅಂಚಿನಲ್ಲಿ ಏನೇನಿದೆ ಎಂದು ಮೊದಲೇ ಬರೆದುಕೊಂಡೆ. ಪ್ರತಿ ಹತ್ತು ಜೋಡಿಗೆ ಯಾವ ಬಿಲ್ಲೆ ಎಲ್ಲಿಗೆ ಹೋಯಿತು ಎಂದು ಗುರುತು ಹಾಕಿದೆ. ಆಟ ಮೋಸ ಮಾಡಿರಲಿಲ್ಲ. ಅತ್ತೆ "ಇಲ್ಲ" ಎಂದ ಜೋಡಿ ಮೊದಲಿನಿಂದಲೂ ಅಲ್ಲೇ ಇತ್ತು.

ಆಗ ನನ್ನ ಅನುಮಾನ ಅತ್ತೆಯ ಮೇಲೆ ತಿರುಗಿತು. ಅದಕ್ಕೆ ಬೇರೆ ಕಾರಣವೂ ಇತ್ತು. ಅದೇ ವಾರದಿಂದ ಊಟಕ್ಕೆ ಕುಳಿತಾಗಲೆಲ್ಲ ಅವರು ಒಂದು ಮಾತು ಹಿಡಿದಿದ್ದರು.

"ಚಟ್ನಿ ಹಾಕೂದ ಬಿಟ್ಟಬಿಟ್ಟಿ ಏನ ಬೇ?"

ಚಟ್ನಿ ತಾಟಿನ ಎಡಕ್ಕೆ, ಯಾವಾಗಲೂ ಹಾಕುವ ಜಾಗದಲ್ಲಿಯೇ ಇರುತ್ತಿತ್ತು. ನಾನು ಬೆರಳು ಮಾಡಿ ತೋರಿಸಿದರೆ, "ಈಗ ಹಾಕಿದಿ. ನಾ ಕೇಳಿದ ಮ್ಯಾಲ ಹಾಕಿದಿ," ಎನ್ನುತ್ತಿದ್ದರು. ಅವರಿಗೂ ನನ್ನ ಮೇಲೆ ಅನುಮಾನ ಹುಟ್ಟಿತ್ತು. ಸುಮ್ಮನಿರದೆ ಓಣಿಯಲ್ಲೂ ಹೇಳಿ ಬಂದರು. ಪಕ್ಕದ ಮನೆಯಾಕೆ ಬಟ್ಟೆ ಒಣಹಾಕುತ್ತ ಗೋಡೆಯಾಚೆಯಿಂದಲೇ ಕೇಳಿದಳು:

"ಏನವಾ, ಶೇಂಗಾ ಬಾಳ ತುಟ್ಟಿ ಆಗ್ಯಾವೇನ? ನಿಮ್ಮತ್ತಿಗಿ ಚಟ್ನಿ ಬಂದ್ ಮಾಡೀಯಂತ!"

ಮದುವೆಯಾಗಿ ಹತ್ತೊಂಬತ್ತು ವರ್ಷ. ಅತ್ತೆ ಮತ್ತು ನಾನು ಜಗಳವಾಡಿಲ್ಲವೆಂದಲ್ಲ, ಆದರೆ ಅವರು ಸುಳ್ಳು ಹೇಳಿದ್ದನ್ನು ನಾನು ಎಂದೂ ಕಂಡಿರಲಿಲ್ಲ. ಈಗ ಕಣ್ಣೆದುರಿನದನ್ನು ಇಲ್ಲವೆನ್ನುತ್ತಿದ್ದರು. ನನ್ನನ್ನು ಓಣಿಯ ಬಾಯಿಗೆ ಹಾಕುವುದಕ್ಕೆಂದೇ ಹೀಗೆ ಮಾಡುತ್ತಿದ್ದಾರೆ ಎಂದು ನಾನು ನಂಬತೊಡಗಿದೆ.

ನಮ್ಮವರು ಬೇಡಕಿಹಾಳದ ಕಡೆ ಕಬ್ಬು ತೂಗುವ ಕಾಟಾದಲ್ಲಿ ಕೆಲಸ ಮಾಡುತ್ತಾರೆ. ಸಂಜೆ ಅವರು ಬಂದಾಗ ಚಟ್ನಿಯ ಮಾತು ಬಿಟ್ಟು ಆಟದ ಮಾತನ್ನಷ್ಟೇ ಹೇಳಿದೆ. "ಅವ್ವಾರು ಎಡಗಡಿ ಬಿಲ್ಲಿ ಮುಟ್ಟೂದೇ ಇಲ್ರಿ. ಕಣ್ಣಿಂದೇನರ ಇದ್ದೀತು."

ಅವರು ನಕ್ಕರು. "ಕಣ್ಣಿಂದಲ್ಲ, ವಖಾರದ ರೂಢಿ. ಅಲ್ಲಿ ಹೆಣ್ಮಕ್ಳು ಸಾಲಾಗಿ ಕುಂತಿರತಾರ. ತನ್ನ ರಾಶಿ ಮುಂದ, ಆರಿಸಿದ್ದು ಬಲಕ್ಕ. ಎಡಕ್ಕ ಇರೂದು ಬಾಜೂದಾಕಿ ರಾಶಿ. ಅದಕ್ಕ ಕೈ ಹಾಕೂದ ದೂರ ಉಳೀತು, ಕಣ್ಣ ಹಾಕಿದ್ರೂ ಬಾಯಿ ಬೀಳತಾವು. ನಲವತ್ತ ವರ್ಷ ಹಂಗ ಕುಂತಾಳ. ಈಗ ನಿನ್ನ ಆಟಕ್ಕ ಕುತ್ತಿಗಿ ಹೊಳ್ಳಿಸಂದ್ರ ಹೊಳ್ಳೀತ?"

ಅತ್ತೆಯೂ ಒಳಗಿನಿಂದ ಕೂಗಿ ಹೇಳಿದರು: "ಎಡಗಡೀದು ನಮ್ಮ ಪಾಲಲ್ಲಪಾ!"

ವಖಾರ ಕಂಡ ಊರಿನವರಿಗೆ ಅದು ನಂಬುವಂಥ ಮಾತು. ಮದುವೆಯಾದ ಹೊಸದರಲ್ಲಿ ಒಂದು ತಿಂಗಳು ನಾನೂ ಅಲ್ಲಿ ಕುಳಿತಿದ್ದೆ. ಎಡಕ್ಕೆ ನೋಡಿದ್ದಕ್ಕೆ ಬೈಸಿಕೊಂಡದ್ದು ನನಗೂ ನೆನಪಿತ್ತು. ಬೇರೆ ಊರಿನವರಾಗಿದ್ದರೆ ಈ ವಿವರಣೆ ಅವರಿಗೆ ಹೊಳೆಯುತ್ತಲೂ ಇರಲಿಲ್ಲ. ನಮಗೆ ಅದು ಬಾಯಲ್ಲೇ ಸಿದ್ಧವಿತ್ತು. ಆದರೂ ಮನಸ್ಸು ತಡೆಯದೆ ಅವರನ್ನು ಕನ್ನಡಕದ ಅಂಗಡಿಗೆ ಕರೆದುಕೊಂಡು ಹೋದೆ. ಗೋಡೆಯ ಮೇಲಿನ ಗುರುತುಗಳು ಯಾವ ಕಡೆ ಮುಖ ಮಾಡಿವೆ ಎಂದು ಕೇಳಿದರೆ ಅತ್ತೆ ಕೊನೆಯ ಸಾಲಿನವರೆಗೆ ಒಂದೊಂದಾಗಿ ಹೇಳಿದರು. ಒಂದೂ ತಪ್ಪಲಿಲ್ಲ. ಅಂಗಡಿಯವನು, "ಮಾವಶಿ, ಈ ವಯಸ್ಸಿಗೆ ಭಾರೀ ಕಣ್ಣ ನಿಮ್ಮವು," ಎಂದ. ದಾರಿಯುದ್ದಕ್ಕೂ ಅತ್ತೆ ನನ್ನನ್ನು ಹಂಗಿಸಿದರು.

ಮುಂದಿನದು ಹೇಳಲು ನನಗೆ ಕಷ್ಟ. ಎಡ ಅಂಚೂ ಅವರ ಬಲಕ್ಕೆ ಬಂದರೆ ಏನು ಮಾಡುತ್ತಾರೆ ಎಂದು ನೋಡಲು ನಾನೇ ಒಂದು ಪರೀಕ್ಷೆ ಮಾಡಿದೆ. ಒಂದು ಮಧ್ಯಾಹ್ನ, ಅವರು ಬರುವ ಮೊದಲು, ಪರದೆಯನ್ನು ಮೇಜಿನ ಬಲತುದಿಗೆ ಸರಿಸಿಟ್ಟೆ. ಕುರ್ಚಿಯನ್ನು ಇದ್ದಲ್ಲಿಯೇ ಬಿಟ್ಟೆ. ಪರದೆ ಇದ್ದ ಜಾಗದಲ್ಲಿ ಅರ್ಜಿಗಳ ಕಟ್ಟು ಇಟ್ಟು, ಅದನ್ನು ಸರಿಸಬಾರದು, ಮುಖವನ್ನೂ ಅದರಿಂದ ತಿರುಗಿಸಬಾರದು ಎಂದೆ. ಅತ್ತೆ ಗೊಣಗಿ, ಮುಖ ಮುಂದಕ್ಕೇ ಇಟ್ಟುಕೊಂಡು, ಕಣ್ಣನ್ನು ಪರದೆಯ ಎಡ ಅಂಚಿನವರೆಗಷ್ಟೇ ಹೊರಳಿಸಿ ಆಡಿದರು. ಈಗ ಇಡೀ ಆಟ ಅವರ ನೋಟದ ಬಲಕ್ಕಿತ್ತು. ಒಂದು ಬಿಲ್ಲೆಯೂ ಉಳಿಯಲಿಲ್ಲ. ಎಡ ಅಂಚು, ಬಲ ಅಂಚು, ಬೋರಲು ಬಿದ್ದವು, ಎಲ್ಲವನ್ನೂ ಗುಡಿಸಿದಂತೆ ತೆಗೆದರು.

ಸರಿಯಾಗಿ ಯೋಚಿಸುವವರಿಗೆ ಅಷ್ಟೇ ಸಾಕಾಗಿತ್ತು. ನಾನು ತೆಗೆದುಕೊಂಡ ತೀರ್ಮಾನ ಬೇರೆ: ಇವರಿಗೆ ಎಲ್ಲ ಕಾಣುತ್ತದೆ. ಬೇಕಾದಾಗ ಕಾಣುತ್ತದೆ, ಬೇಡವಾದಾಗ ಕಾಣುವುದಿಲ್ಲ. ಪರದೆಯನ್ನು ಮತ್ತೆ ಮೊದಲಿನ ಜಾಗಕ್ಕೆ ಇಟ್ಟೆ. ಯಾರಿಗೂ ಹೇಳಲಿಲ್ಲ. ಅಂದಿನಿಂದ ಅವರೊಂದಿಗೆ ಮಾತು ಕಡಿಮೆ ಮಾಡಿದೆ.

ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆಗೆ ಇಳಿದು ಒಂದಷ್ಟು ದಿನವಾಗಿತ್ತು. ಸಂತೆಯ ದಿನ ಅತ್ತೆ ಮತ್ತು ನಾನು ಒಟ್ಟಿಗೆ ಹೊರಟೆವು. ದೊಡ್ಡ ರಸ್ತೆಯ ಮೊದಲ ಅರ್ಧ ದಾಟಿ ನಡುವಿನ ಕಟ್ಟೆಯ ಮೇಲೆ ನಿಂತೆವು. ನಾನು ಅವರ ಬಲಕ್ಕೆ, ಎರಡು ಮೊಳ ಹಿಂದೆ ಇದ್ದೆ. ಇನ್ನರ್ಧದಲ್ಲಿ ಗಾಡಿಗಳು ಎಡದಿಂದ ಬರುತ್ತವೆ. ಒಂದು ಬ್ಯಾಟರಿ ಸ್ಕೂಟರ್ ಬರುತ್ತಿತ್ತು. ಅದಕ್ಕೆ ಸದ್ದಿರಲಿಲ್ಲ. ಬಿಳಿ ಬಣ್ಣದ್ದು, ಓಡಿಸುತ್ತಿದ್ದವಳು ಒಬ್ಬ ಹೆಣ್ಣುಮಗಳು, ಮುಂದೆ ಕಾಲ ಬಳಿ ಒಂದು ಚೀಲ. ನನಗೆ ಅದು ಪೂರ್ತಿ ಕಂಡಿತು. ಅತ್ತೆ ಮುಖವನ್ನು ಸ್ವಲ್ಪ ಎಡಕ್ಕೆ ಮಾಡಿ, ನೋಡಿದಂತೆ ಮಾಡಿ, ಕಾಲು ಮುಂದಿಟ್ಟರು.

ನನ್ನ ಕೈ ಅವರ ಸೆರಗಿಗೆ ಎಟುಕುತ್ತಿತ್ತು. ನಾನು ಹಿಡಿಯಲಿಲ್ಲ. ಇವರಿಗೆ ಗಾಡಿ ಕಂಡಿದೆ, ಬೇಕೆಂದೇ ಹೋಗುತ್ತಿದ್ದಾರೆ, ಹೋಗಲಿ ಎಂದು ಮನಸ್ಸಿನಲ್ಲಿ ಬಂತು. ಆ ಕ್ಷಣವನ್ನು ನಾನು ಎಷ್ಟು ಸಲ ತಿರುಗಿಸಿ ನೋಡಿದ್ದೇನೆಂದರೆ, ಈಗ ಅದರಲ್ಲಿ ಯಾವುದು ಆಗ ಬಂದ ಯೋಚನೆ, ಯಾವುದು ಆಮೇಲೆ ಸೇರಿದ್ದು ಎಂದು ಖಚಿತವಾಗಿ ಹೇಳಲಾರೆ. ಕೈ ಚಾಚಲಿಲ್ಲ ಎಂಬುದು ಮಾತ್ರ ಖಚಿತ.

ಸ್ಕೂಟರ್ ಬ್ರೇಕ್ ಹಾಕಿ ಜಾರಿ ಬಂದು ಅವರ ಸೊಂಟಕ್ಕೆ ತಾಗಿತು. ಅತ್ತೆ ಬಲಗೈ ಊರಿ ಬಿದ್ದರು. ಓಡಿಸುತ್ತಿದ್ದವಳು ಅಳತೊಡಗಿದಳು. "ನನ್ನ ಕಡೆನ ನೋಡಿದ್ರು ರೀ! ನನ್ನ ಮಾರಿ ನೋಡಿನ ಕಾಲ ಇಟ್ರು!" ಜನ ಸೇರಿದರು. ಯಾರೋ ನೀರು ತಂದರು. ಅತ್ತೆ ಮುರಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ನನ್ನನ್ನೇ ಕೇಳಿದರು:

"ಗಾಡಿ ಎಲ್ಲಿಂದ ಬಂತು ಬೇ? ಅಲ್ಲೇನೂ ಇರಲಿಲ್ಲಲ್ಲ."

ಅವರ ಮುಖದಲ್ಲಿ ನೋವಿಗಿಂತ ಅಚ್ಚರಿಯೇ ಹೆಚ್ಚಿತ್ತು. ನಟನೆ ಹಾಗಿರುವುದಿಲ್ಲ. ನಾನೂ ಅವರ ಪಕ್ಕ ರಸ್ತೆಯಲ್ಲೇ ಕುಳಿತೆ.

ಕೈಗೆ ಚಿಕ್ಕೋಡಿಯಲ್ಲಿ ಕಟ್ಟು ಹಾಕಿಸಿದೆವು. ಎಡದಿಂದ ಬಂದ ಗಾಡಿ ಅವರಿಗೆ ಕಾಣಲೇ ಇಲ್ಲವೆಂದು ನಾನು ಹೇಳಿದ ಮೇಲೆ ಅಲ್ಲಿಂದ ಬೆಳಗಾವಿಗೆ ಕಳಿಸಿದರು. ಅಲ್ಲಿಯ ಡಾಕ್ಟರು ವಯಸ್ಸಾದ ಹೆಂಗಸು, ಅವಸರವಿಲ್ಲದವರು. ನನ್ನ ಮೂಗನ್ನೇ ನೋಡುತ್ತಿರಿ ಎಂದು ಅತ್ತೆಗೆ ಹೇಳಿ, ತಮ್ಮ ಬೆರಳನ್ನು ಪಕ್ಕದಿಂದ ನಿಧಾನವಾಗಿ ತಂದರು. ಬಲದಿಂದ ತಂದಾಗ ಅತ್ತೆ ಕೂಡಲೇ "ಹೂಂ" ಎಂದರು. ಎಡದಿಂದ ತಂದಾಗ ಬೆರಳು ಡಾಕ್ಟರ ಮೂಗಿನ ಹತ್ತಿರಕ್ಕೆ ಬರುವವರೆಗೂ ಸುಮ್ಮನಿದ್ದರು. ಒಂದು ಕಣ್ಣು ಮುಚ್ಚಿಸಿ, ಇನ್ನೊಂದು ಮುಚ್ಚಿಸಿ ನೋಡಿದರೂ ಹಾಗೆಯೇ ಆಯಿತು. ತಲೆಯ ಸ್ಕ್ಯಾನ್ ಆಯಿತು. ಮೆದುಳಿನ ಹಿಂಭಾಗದಲ್ಲಿ, ಬಲಕ್ಕೆ, ರಕ್ತ ಹರಿಯುವುದು ನಿಂತು ಒಂದಷ್ಟು ಜಾಗ ಸತ್ತಿದೆ ಎಂದರು. ಎರಡೂ ಕಣ್ಣು ಚೆನ್ನಾಗಿವೆ, ಆದರೆ ಎರಡರಲ್ಲೂ ಎಡಗಡೆಯದು ತಲೆಗೆ ತಲುಪುವುದಿಲ್ಲ. ಕತ್ತಲೆಯೂ ಕಾಣುವುದಿಲ್ಲ, ಅಲ್ಲಿ ಏನೂ ಇಲ್ಲವೆಂದೇ ಅನ್ನಿಸುತ್ತದೆ.

"ಯಾವಾಗಿಂದ ಹೀಗಿದೆ?" ಎಂದು ಡಾಕ್ಟರು ಕೇಳಿದರು.

"ಎಂಟ ದಿನ ಆಗಿರಬೇಕ್ರಿ," ಎಂದರು ನಮ್ಮವರು. ಬಿದ್ದ ದಿನದಿಂದ ಎಣಿಸಿದ್ದರು.

ನಾನು ಹಾಗೆಯೇ ಬಿಡಬಹುದಿತ್ತು. ಯಾರೂ ನನ್ನನ್ನು ಕೇಳಿರಲಿಲ್ಲ. "ಅಲ್ರಿ, ದಸರಾ ಆದ ನಾಕೈದ ದಿನಕ್ಕ," ಎಂದೆ. ತಾವರೆ ಬಿಲ್ಲೆ, ಚಟ್ನಿ, ಅಂಗಡಿಯವನ ಮಾತು, ಪರದೆ ಸರಿಸಿದ ಮಧ್ಯಾಹ್ನ, ಎಲ್ಲ ಹೇಳಿದೆ. ಸೆರಗು ಹಿಡಿಯದೇ ಇದ್ದದ್ದನ್ನೂ ಹೇಳಿದೆ. ನಮ್ಮವರು ನೆಲ ನೋಡುತ್ತಿದ್ದರು. ಡಾಕ್ಟರು ಬರೆದುಕೊಂಡರು. ಆಗಲೇ ಬಂದಿದ್ದರೆ ನೋಟ ಉಳಿಯುತ್ತಿತ್ತೇ ಎಂದು ಕೇಳಿದೆ. "ಅದನ್ನ ಈಗ ಯಾರೂ ಹೇಳೋಕಾಗಲ್ಲ," ಎಂದರು. "ರಸ್ತೆಯಲ್ಲಿ ಬೀಳೋದನ್ನಂತೂ ತಪ್ಪಿಸಬಹುದಿತ್ತು. ಇನ್ನೊಂದು ಸಲ ಹೀಗಾಗದ ಹಾಗೆ ಈಗ ಗುಳಿಗೆ ಕೊಡ್ತೀನಿ. ಒಬ್ಬರೇ ರಸ್ತೆ ದಾಟಬಾರದು. ಕುತ್ತಿಗೆ ಪೂರ್ತಿ ತಿರುಗಿಸಿ ನೋಡೋದನ್ನ ಕಲೀಬೇಕು."

ಅತ್ತೆ ಈಗ ನನ್ನತ್ತ ತಿರುಗಿದರು.

"ಎಲ್ಲಾ ನೋಡಿ ನನಗ ಕಳ್ಳಿ ಅಂತ ತಿಳಕೊಂಡಿದ್ದಿ."

"ಹೌದ್ರಿ, ಅತ್ಯಾರ."

"ನಾನೂ ನಿನಗ ಹಂಗ ತಿಳಕೊಂಡಿದ್ನಿ. ಆದರ ನಿನಗ ಕಣ್ಣ ಇದ್ದುವಲ್ಲ ಬೇ."



ಆಸ್ಪತ್ರೆಯ ಮೆಟ್ಟಿಲು ಇಳಿಯುವಾಗ ನಾನು ಅವರ ಎಡಕ್ಕೆ ಹೋಗಿ ತೋಳು ಹಿಡಿದೆ. ಅವರು ಬೆಚ್ಚಿ ಕೈ ಕೊಸರಿಕೊಂಡರು. "ಯಾರದು?"

"ನಾನ್ರಿ."

"ಬರೂ ಮುಂಚೆ ಬಾಯಿ ಬಿಡು," ಎಂದರು. ಸಿಟ್ಟಿನಲ್ಲೇ ಹೇಳಿದರು. ಆದರೆ ತೋಳನ್ನು ಮತ್ತೆ ನನ್ನ ಕೈಗೆ ಕೊಟ್ಟರು. ಅಲ್ಲಿಂದ ಕೆಳಗಿನ ಮೆಟ್ಟಿಲಿನವರೆಗೂ ನಾನು ಮಾತಾಡುತ್ತಲೇ ಇಳಿದೆ. ಇನ್ನೊಂದು ಮೆಟ್ಟಿಲು, ಈಗ ಗೋಡೆ, ಈಗ ಬಾಗಿಲು, ಒಬ್ಬ ಮನುಷ್ಯ ಬರುತ್ತಿದ್ದಾನೆ, ನಿಲ್ಲಿ, ಈಗ ಹೋದ.